ಕೋಳಿ ಸತ್ತಾಗ, ಮಂಗ ಸತ್ತಾಗ

ಧಾರವಾಡದ ಲಕಮನಹಳ್ಳಿ ಇಂದು ಅರ್ಧ ಹಳ್ಳಿ, ಅರ್ಧ ಪಟ್ಟಣ. ಒಂದೆಡೆ ಕೈಗಾರಿಕಾ ಪ್ರದೇಶವಿದ್ದರೆ, ಇನ್ನೊಂದೆಡೆ ಹಿತ್ತಲಲ್ಲಿ ಎಮ್ಮೆ, ಕೋಳಿಗಳನ್ನು ಸಾಕಿಕೊಂಡಿರುವ ಮನೆಗಳು. ಇಂತಹ ಮನೆಯೊಂದರಲ್ಲಿ ಒಂದೇ ದಿನ ಐದಾರು ಕೋಳಿ ಸತ್ತರೆ, ‘ರೋಗ ಬಂತು’ ಎಂದು ಅವುಗಳನ್ನು ತಿಪ್ಪೆಗೋ ಗಟಾರಕ್ಕೋ ಎಸೆಯುವುದು ನಮ್ಮಲ್ಲಿ ವಾಡಿಕೆ. ಈ ವಾಡಿಕೆ ಏಕೆ ಅಪಾಯಕರವೆಂಬುದನ್ನು ವಿಚಾರಿಸೋಣ.

ನಮ್ಮ ಜನ ಕೊಕ್ಕರೆ ರೋಗವೆಂದು ಕರೆಯುವುದನ್ನು ವೈದ್ಯರು ರಾಣಿಖೇತ್ ರೋಗವೆನ್ನುತ್ತಾರೆ. ಹಸಿರು ಭೇದಿ, ಏದುಸಿರು, ಕುತ್ತಿಗೆ ತಿರುಚುವಿಕೆ ಇದರ ಲಕ್ಷಣಗಳು. ಇದಕ್ಕೆ ಲಸಿಕೆಯುಂಟು. ಹಕ್ಕಿಜ್ವರದಲ್ಲಿಯೂ ಕೋಳಿಗಳು ಹೀಗೆಯೇ ಥಟ್ಟನೆ ಸಾಯುತ್ತವೆ. ಜುಟ್ಟು ನೀಲಿಗಟ್ಟಬಹುದು, ಮುಖ ಊದಬಹುದು. ಆದರೆ ಕಣ್ಣಳತೆಯಿಂದ ಇವೆರಡನ್ನು ಖಚಿತವಾಗಿ ಬೇರ್ಪಡಿಸಲಾಗದು. ವ್ಯತ್ಯಾಸವಾದರೂ ದೊಡ್ಡದು: ಹಕ್ಕಿಜ್ವರವು ಮನುಷ್ಯರಿಗೆ ತಗಲುವುದು ಅಪರೂಪ, ತಗಲಿದರೆ ಪ್ರಾಣಾಂತಿಕವಾಗಬಹುದು. ಭಾರತದಲ್ಲಿ ಇದು ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2020ರ ಮಾರ್ಚಿನಲ್ಲಿ ನಮ್ಮ ಹೆದ್ದಾರಿಯ ಮೇಲೆಯೇ ಇರುವ ಹರಿಹರದ ತಾಲೂಕಿನ ಬನ್ನಿಕೋಡಿನಲ್ಲಿಯೂ ಕಾಣಿಸಿಕೊಂಡಿತು. ರೋಗ ಇದೇ ಎಂದು ನಿಶ್ಚಯಿಸುವುದು ಭೋಪಾಲದ ಉನ್ನತ ಸುರಕ್ಷತೆಯ ಪ್ರಯೋಗಾಲಯ.

ಮೇಲ್ನೋಟ ಎಷ್ಟು ದಾರಿ ತಪ್ಪಿಸಬಲ್ಲದೆಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗರಿಗೂ ತೀವ್ರ ಜ್ವರ ಬಂದಿತು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರದಿಂದ ಮಂಗಗಳು ಸಾಯುತ್ತಿದ್ದುದರಿಂದ, ಅದೇ ಇಲ್ಲಿಗೂ ಬಂದಿತೇನೋ ಎಂಬ ಶಂಕೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿದಾಗ ತಿಳಿದದ್ದೇ ಬೇರೆ. ಅದು ಅದುವರೆಗೆ ಲೋಕಕ್ಕೆ ಗೊತ್ತಿರದ ವೈರಸ್. ಹರಡುತ್ತಿದ್ದುದು ಸೊಳ್ಳೆಯಲ್ಲ, ಉಣುಗು. ಸತ್ತ ಮಂಗನ ಮೈಬಿಟ್ಟ ಉಣುಗುಗಳು ನೆಲದಲ್ಲಿ ಚದುರಿ, ಸೌದೆ ತರಗೆಲೆಗೆಂದು ಹೋದವರನ್ನು ಕಚ್ಚುತ್ತವೆ. ಮಂಗನ ಕಾಯಿಲೆ ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಹರಡುವುದಿಲ್ಲ. ಮಂಗಗಳ ಸಾವನ್ನು ಯಾರೂ ಗಮನಿಸದಿದ್ದರೆ ಈ ತಿಳಿವು ದೊರೆಯುತ್ತಿತ್ತೇ?

ಆದುದರಿಂದ ಪ್ರಾಣಿಯ ಸಾವನ್ನು ನಾವು ಒಂದು ಎಚ್ಚರಿಕೆಯೆಂದು ತಿಳಿಯಬೇಕು. ಹಲವು ಕೋಳಿಗಳು ಅಥವಾ ಕಾಡುಹಕ್ಕಿಗಳು ಒಮ್ಮೆಲೇ ಸತ್ತರೆ ಬರಿಗೈಯಿಂದ ಮುಟ್ಟಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಉಳಿದ ಕೋಳಿಗಳನ್ನು ಅವಸರದಿಂದ ಮಾರುವುದಾಗಲಿ ನೆಂಟರಿಗೆ ಕೊಡುವುದಾಗಲಿ ಸಲ್ಲದು. ರೋಗ ಊರೂರಿಗೆ ನಡೆಯುವುದು ಹೀಗೆಯೇ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು, ಇಲ್ಲವೇ 1962ಕ್ಕೆ ಕರೆ ಮಾಡಬೇಕು. ಶಿರಸಿ, ಸಿದ್ದಾಪುರದ ಕಾಡಿಗೆ ಹೋಗಿಬರುವವರು ಮೈತುಂಬ ಬಟ್ಟೆ ಧರಿಸಿ, ಮರಳಿದ ಮೇಲೆ ಬಿಸಿನೀರು ಸೋಪಿನಿಂದ ಸ್ನಾನ ಮಾಡಿ, ಉಣುಗು ಅಂಟಿದೆಯೇ ಎಂದು ನೋಡಿಕೊಳ್ಳಬೇಕು. ಆನಂತರ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು, ಸತ್ತ ಕೋಳಿಯನ್ನು ಮುಟ್ಟಿದ್ದರೆ ಅದನ್ನೂ, ವೈದ್ಯರಿಗೆ ಮರೆಯದೆ ಹೇಳಬೇಕು.

ಕೋಳಿ ಕಳೆದುಕೊಂಡ ಬಡವನಿಗೆ ಅದು ಸಣ್ಣ ನಷ್ಟವಲ್ಲ. ತಿಳಿಸಿದರೆ ಉಳಿದವನ್ನೂ ಕೊಂದಾರೆಂಬ ಭಯ ಸಹಜ. ರೋಗ ಖಚಿತವಾದ ಜಾಗದ ಸುತ್ತ ಕೋಳಿಗಳನ್ನು ಕೊಲ್ಲುವುದುಂಟು, ಅದಕ್ಕೆ ಸರ್ಕಾರ ಪರಿಹಾರ ಕೊಡುವುದೂ ಉಂಟು. ಮುಚ್ಚಿಟ್ಟ ಸಾವಿಗೆ ಮಾತ್ರ ಪರಿಹಾರವಿಲ್ಲ. ಅದರ ಬೆಲೆಯನ್ನು ನೆರೆಮನೆಯೂ ತೆರಬೇಕಾಗುತ್ತದೆ.