ತೋಟದ ದಾರಿಗೆ ಬ್ಯಾಟರಿ ಗಾಡಿ: ಯಾವ ಸೌಲಭ್ಯ ಬೇಕು, ಯಾವುದು ಬೇಡ?

ಕಾರ್ಬನ್ ಫೈಬರ್ ದೋಟಿ ಬಂದ ಬಳಿಕ ಅಡಿಕೆ ಕೊಯ್ಲು ಹಾಗೂ ಮದ್ದು ಬಿಡುವ ಕೆಲಸಗಳೆರಡೂ ನೆಲದಲ್ಲಿ ನಿಂತೇ ಸಾಧ್ಯವಾಗಿವೆ. ಮರವೇರುವ ನುರಿತ ಕೆಲಸಗಾರರ ಕೊರತೆಗೆ ಇದರಿಂದ ಒಂದಿಷ್ಟು ಪರಿಹಾರ ದೊರೆತಿದೆ. ಆದರೆ ಕೊಯ್ದ ಗೊನೆಯನ್ನು ಅಂಗಳಕ್ಕೆ ತಲುಪಿಸುವ ಕೆಲಸ ಮಾತ್ರ ಇಂದಿಗೂ ತಲೆಹೊರೆಯಾಗಿಯೇ ಉಳಿದಿದೆ. ಎಣ್ಮಕಜೆ, ಬೆಳ್ಳೂರು, ಬದಿಯಡ್ಕ, ಪೈವಳಿಕೆ ಮೊದಲಾದ ಕಡೆಗಳಲ್ಲಿ ಮಕ್ಕಳು ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಊರು ಬಿಟ್ಟ ಮನೆಗಳು ಅನೇಕ. ಅಲ್ಲಿ ಈ ಹೊರೆ ಬೀಳುವುದು ವಯಸ್ಸಾದ ಹಿರಿಯರ ಮೇಲೆ ಮತ್ತು ಮನೆಯ ಹೆಂಗಸರ ಮೇಲೆ. ಬ್ಯಾಟರಿಯಿಂದ ಚಲಿಸುವ ತೋಟದ ಗಾಡಿಗೆ ಈಗ ಬೇಡಿಕೆ ಹೆಚ್ಚುತ್ತಿರುವುದು ಇದೇ ಕಾರಣದಿಂದ.

ಇಂತಹ ಗಾಡಿಯ ಕಲ್ಪನೆ ಹೊಸತಲ್ಲ. 1980ರ ದಶಕದಲ್ಲಿಯೇ ಇಂಗ್ಲೆಂಡಿನಲ್ಲಿ ಗಾಲ್ಫ್ ಆಟಗಾರರ ಭಾರವಾದ ಚೀಲವನ್ನು ಒಯ್ಯಲು ಬ್ಯಾಟರಿಯ ಪುಟ್ಟ ಗಾಡಿಗಳು ಮಾರುಕಟ್ಟೆಗೆ ಬಂದಿದ್ದವು. ವರ್ಷ ಕಳೆದಂತೆ ಅವುಗಳಿಗೆ ರಿಮೋಟ್, ದೂರ ಅಳೆಯುವ ಉಪಕರಣ, ಬಣ್ಣದ ಪರದೆ, ಮೊಬೈಲ್ ಚಾರ್ಜರ್ ಎಂದು ಒಂದೊಂದೇ ಸೌಲಭ್ಯ ಸೇರಿ ಬೆಲೆ ಏರುತ್ತ ಹೋಯಿತು. ತೋಟದ ಗಾಡಿಯ ವಿಚಾರದಲ್ಲಿಯೂ ಈಗ ಅದೇ ನಡೆಯುತ್ತಿದೆ. ಯಂತ್ರಮೇಳದ ಮಳಿಗೆಯಲ್ಲಿ ಸಮತಟ್ಟಾದ ನೆಲದ ಮೇಲೆ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ. ಗುಡ್ಡದ ಬುಡದ ತೋಟದಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಹೊರೆಯ ಲೆಕ್ಕ

ಗಾಡಿ ಕೊಳ್ಳುವ ಮುನ್ನ ವರ್ಷಕ್ಕೆ ಎಷ್ಟು ಭಾರ ಸಾಗಿಸಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕುವುದು ಉತ್ತಮ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ 2.7 ಮೀಟರ್ ಅಂತರದಲ್ಲಿ ಅಡಿಕೆ ಸಸಿ ನೆಟ್ಟರೆ ಒಂದು ಎಕರೆಯಲ್ಲಿ ಸುಮಾರು 550 ಮರಗಳಿರುತ್ತವೆ. ಮರವೊಂದಕ್ಕೆ 2 ಕಿಲೋ ಚಾಲಿ ಎಂದಿಟ್ಟುಕೊಂಡರೆ ಎಕರೆಗೆ 1,100 ಕಿಲೋ. ಆದರೆ ತೋಟದಿಂದ ಹೊರಬೇಕಾದುದು ಚಾಲಿಯನ್ನಲ್ಲ, ಸಿಪ್ಪೆಸಹಿತವಾದ ಹಣ್ಣಡಿಕೆಯನ್ನು. ಅದರ ತೂಕ ಚಾಲಿಯ ನಾಲ್ಕೈದು ಪಟ್ಟು. ಅಂದರೆ ಎಕರೆಗೆ ಸುಮಾರು 5 ಟನ್.

ಇದಕ್ಕಿಂತ ದೊಡ್ಡ ಹೊರೆ ಗೊಬ್ಬರದ್ದು. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು ಮತ್ತು 12 ಕಿಲೋ ಹಟ್ಟಿಗೊಬ್ಬರ ಅಥವಾ ಕಂಪೋಸ್ಟ್ ಕೊಡಬೇಕೆಂಬುದು ಶಿಫಾರಸು. 550 ಮರಗಳಿಗೆ ಇದು 13 ಟನ್ನಿಗೂ ಮಿಗಿಲಾಗುತ್ತದೆ. ಒಟ್ಟು 18 ಟನ್ ಭಾರವನ್ನು ಸುತ್ತಿಗೆ 100 ಕಿಲೋದಂತೆ ಸಾಗಿಸಿದರೂ ಎಕರೆಗೆ ವರ್ಷಕ್ಕೆ 180 ಸುತ್ತು ಬೇಕು.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತದೆ. ಈ ನಾಡಿನ ಬಹುಪಾಲು ಅಡಿಕೆ ತೋಟಗಳು ತಗ್ಗಿನಲ್ಲಿ, ತೋಡಿನ ಬದಿಯಲ್ಲಿವೆ. ಮನೆ, ಹಟ್ಟಿ, ಅಂಗಳಗಳು ಎತ್ತರದಲ್ಲಿವೆ. ಅಡಿಕೆ ತುಂಬಿದ ಗಾಡಿ ಏರು ಹತ್ತಬೇಕು; ಗೊಬ್ಬರ ತುಂಬಿದ ಗಾಡಿ ಇಳಿಜಾರು ಇಳಿಯಬೇಕು. ಹತ್ತುವ ಭಾರಕ್ಕಿಂತ ಇಳಿಯುವ ಭಾರವೇ ಹೆಚ್ಚು. ಆದುದರಿಂದ ಮೋಟಾರಿನ ಶಕ್ತಿಯನ್ನು ಕೇಳುವಷ್ಟೇ ಗಂಭೀರವಾಗಿ ಬ್ರೇಕಿನ ಬಗೆಗೂ ಕೇಳಬೇಕು.

ಏರು, ಇಳಿಜಾರು ಮತ್ತು ಶಾಲೆಯ ವಿಜ್ಞಾನ

ಪ್ರೌಢಶಾಲೆಯ ಮಕ್ಕಳು ಕಲಿಯುವ ಬಲ ಮತ್ತು ಸಾಮರ್ಥ್ಯದ ಪಾಠ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಗಾಡಿಯ ತೂಕ 60 ಕಿಲೋ, ಹೇರು 140 ಕಿಲೋ, ಒಟ್ಟು 200 ಕಿಲೋ ಎಂದಿಟ್ಟುಕೊಳ್ಳೋಣ. ಐದು ಅಡಿ ನಡೆದರೆ ಒಂದು ಅಡಿ ಏರುವ ದಾರಿಯಲ್ಲಿ ಈ ಭಾರದ ಐದನೆಯ ಒಂದು ಪಾಲು, ಅಂದರೆ 40 ಕಿಲೋದಷ್ಟು ಬಲ ಗಾಡಿಯನ್ನು ಕೆಳಕ್ಕೆ ಎಳೆಯುತ್ತದೆ. ಮಣ್ಣಿನ ದಾರಿಯಲ್ಲಿ ಚಕ್ರ ಉರುಳಲು ಇರುವ ತಡೆ ಸುಮಾರು 10 ಕಿಲೋದಷ್ಟು. ಹೀಗಾಗಿ ಏರುವಾಗ ಮೋಟಾರು 50 ಕಿಲೋದಷ್ಟು ಬಲ ಒದಗಿಸಬೇಕು. ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಇದಕ್ಕೆ 400 ವಾಟ್ ಬೇಕು. ಮೋಟಾರು, ಗೇರು, ತಂತಿಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಬ್ಯಾಟರಿಯಿಂದ 650ರಿಂದ 700 ವಾಟ್ ಹರಿಯಬೇಕಾಗುತ್ತದೆ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಾದರೆ 400 ವಾಟ್ ಹರಿದರೆ ಸಾಕು. ಆದುದರಿಂದ ಸಣ್ಣ ಮೋಟಾರಿನ ಗಾಡಿ ಒಂದು ತೋಟದಲ್ಲಿ ಸರಾಗವಾಗಿ ಓಡಿ, ಪಕ್ಕದ ತೋಟದಲ್ಲಿ ಅರ್ಧ ಏರಿನಲ್ಲಿ ನಿಂತುಬಿಟ್ಟರೆ ಅದರಲ್ಲಿ ಆಶ್ಚರ್ಯವಿಲ್ಲ.

ಅದೇ ಕಡಿದಾದ ದಾರಿಯಲ್ಲಿ ಗೊಬ್ಬರ ತುಂಬಿ ಇಳಿಯುವಾಗ 40ರಿಂದ 10 ಕಳೆದು 30 ಕಿಲೋದಷ್ಟು ಬಲ ಗಾಡಿಯನ್ನು ಮುಂದಕ್ಕೆ ಎಳೆಯುತ್ತಿರುತ್ತದೆ. ಬ್ರೇಕಿಲ್ಲದಿದ್ದರೆ ಅದನ್ನು ತಡೆಯಬೇಕಾದುದು ಹಿಡಿದವರ ತೋಳು ಮತ್ತು ಸೊಂಟ. ಪಾಚಿ ಹಿಡಿದ ಮುರಕಲ್ಲಿನ ದಾರಿಯಲ್ಲಿ ಅರುವತ್ತು ದಾಟಿದವರಿಗೆ ಇದು ಅಪಾಯಕಾರಿ.

ಹಣ ಕೊಡಬಹುದಾದ ಸೌಲಭ್ಯಗಳು

ಮೊದಲನೆಯದು, ಹಿಡಿಯನ್ನು ಬಿಟ್ಟೊಡನೆ ತಾನಾಗಿ ಬೀಳುವ ವಿದ್ಯುತ್ಕಾಂತೀಯ ಬ್ರೇಕು. ವಿದ್ಯುತ್ ಕಡಿದಾಗ ಹಿಡಿದುಕೊಳ್ಳುವುದೇ ಇದರ ರಚನೆಯಾದುದರಿಂದ ಬ್ಯಾಟರಿ ಬರಿದಾದರೂ ಗಾಡಿ ಹಿಂದಕ್ಕೆ ಜಾರುವುದಿಲ್ಲ. ಇಳಿಜಾರಿನ ತೋಟಕ್ಕೆ ಇದನ್ನು ಹೆಚ್ಚುವರಿ ಸೌಲಭ್ಯವೆಂದು ಎಣಿಸದೆ ಗಾಡಿಯ ಅಂಗವೆಂದೇ ಪರಿಗಣಿಸಬೇಕು.

ಎರಡನೆಯದು, ಹಿಂದಕ್ಕೆ ಚಲಿಸುವ ವ್ಯವಸ್ಥೆ. ಕಣಿಗಳ ನಡುವಿನ ಕಿರಿದಾದ ಹಾದಿಯಲ್ಲಿ ತುಂಬಿದ ಗಾಡಿಯನ್ನು ತಿರುಗಿಸಲು ಜಾಗವಿರುವುದಿಲ್ಲ. ಮೂರನೆಯದು, ಮಗುಚುವ ತೊಟ್ಟಿ. ವರ್ಷಕ್ಕೆ 13 ಟನ್ ಗೊಬ್ಬರವನ್ನು ಬುಟ್ಟಿಯಲ್ಲಿ ತೋಡಿ ಇಳಿಸುವ ಶ್ರಮವನ್ನು ಇದು ಉಳಿಸುತ್ತದೆ. ನಾಲ್ಕನೆಯದು, ಕಳಚಿ ಒಯ್ಯಬಹುದಾದ ಬ್ಯಾಟರಿ. ಗಾಡಿ ತೋಟದ ಕೊಟ್ಟಿಗೆಯಲ್ಲಿದ್ದು ವಿದ್ಯುತ್ ಸಂಪರ್ಕ ಮನೆಯಲ್ಲಿ ಮಾತ್ರ ಇದ್ದರೆ ಇದು ಅಗತ್ಯ. ಐದನೆಯದು, ಕೆಸರಿನಲ್ಲಿ ಹಿಡಿತ ಕೊಡುವ, ಆಳವಾದ ಗೆರೆಗಳುಳ್ಳ ಅಗಲ ಟಯರು. ಎರಡೂ ಚಕ್ರಗಳಿಗೆ ಶಕ್ತಿ ಹರಿಯುವ ಗಾಡಿ ಒಂದು ಚಕ್ರ ಹೂತರೂ ಹೊರಬರಬಲ್ಲುದು.

ಆರನೆಯದು, ನೀರಿನಿಂದ ರಕ್ಷಣೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ವಿವರಪಟ್ಟಿಯಲ್ಲಿ ಐಪಿ 65, ಐಪಿ 67 ಎಂಬ ಗುರುತುಗಳಿರುತ್ತವೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. 5 ಎಂದರೆ ಎರಚಿದ ನೀರನ್ನು ತಡೆದೀತು. 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು. ಮೋಟಾರಿಗೆ ಒಂದು ಗುರುತು, ನಿಯಂತ್ರಣ ಪೆಟ್ಟಿಗೆಗೆ ಇನ್ನೊಂದು ಇರುವುದುಂಟು. ಎರಡನ್ನೂ ಕೇಳಿ ತಿಳಿಯಬೇಕು.

ಇಲ್ಲದಿದ್ದರೂ ನಡೆಯುವಂಥವು

ರಿಮೋಟ್ ನಿಯಂತ್ರಣ ನೋಡಲು ಆಕರ್ಷಕ. ಆದರೆ ಮರಗಳ ಸಾಲು, ಕಣಿ, ಸಂಕಗಳ ನಡುವೆ ಗಾಡಿಯ ಜತೆಯಲ್ಲಿ ನಡೆಯದೆ ಉಪಾಯವಿಲ್ಲ. ಮೊಬೈಲ್ ಆ್ಯಪ್, ಬಣ್ಣದ ಪರದೆ, ಯುಎಸ್‌ಬಿ ಚಾರ್ಜರ್‌ಗಳಿಂದ ಹೊರೆಯೇನೂ ತಗ್ಗುವುದಿಲ್ಲ. ಮಳೆಗಾಲದ ತೇವಕ್ಕೆ ಮೊದಲು ಕೆಡುವುದೂ ಇಂತಹ ಭಾಗಗಳೇ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಸರಳ ಸೂಚಕ ಸಾಕು. ಮುಂದೀಪ ಕೆಲವರಿಗೆ ಉಪಯುಕ್ತವಾದರೂ ತಲೆಗೆ ಕಟ್ಟುವ ಟಾರ್ಚು ಆ ಕೆಲಸವನ್ನು ಮಾಡುತ್ತದೆ. ಮೇಲೆ ಕುಳಿತು ಓಡಿಸುವ ಆಸನವಂತೂ ಕಿರಿದಾದ ಇಳಿಜಾರಿನಲ್ಲಿ ಅಪಾಯಕ್ಕೆ ಆಹ್ವಾನ. ಮಕ್ಕಳನ್ನು ಗಾಡಿಯಲ್ಲಿ ಕೂರಿಸಿ ತರುವ ಅಭ್ಯಾಸ ಎಂದಿಗೂ ಸಲ್ಲದು.

ಬ್ಯಾಟರಿಯ ಆಯ್ಕೆ

ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ತರುವುದು ಬ್ಯಾಟರಿ. 48 ವೋಲ್ಟ್, 20 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 960 ವಾಟ್-ಗಂಟೆ, ಅಂದರೆ ಹೆಚ್ಚು ಕಡಿಮೆ ಒಂದು ಯೂನಿಟ್ ವಿದ್ಯುತ್ ಹಿಡಿಯುತ್ತದೆ. ಹತ್ತಕ್ಕೊಂದರ ಏರಿನಲ್ಲಿ 150 ಮೀಟರ್ ಹತ್ತಿ ಬರಿಗಾಡಿಯಲ್ಲಿ ಮರಳುವ ಒಂದು ಸುತ್ತಿಗೆ ಸುಮಾರು 30 ವಾಟ್-ಗಂಟೆ ಸಾಕು. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಬೇಗನೆ ಕುಗ್ಗುತ್ತದೆ. ಹಾಗಾಗಿ ಅದರಿಂದ ಸಿಗುವುದು 16 ಸುತ್ತು. ಲಿಥಿಯಂ ಬ್ಯಾಟರಿಯ ಶೇಕಡಾ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದಾದುದರಿಂದ 25 ಸುತ್ತು ದೊರೆಯುತ್ತದೆ.

ತೂಕದಲ್ಲಿಯೂ ಅಂತರವಿದೆ. ಈ ಸಾಮರ್ಥ್ಯದ ಲೆಡ್ ಆ್ಯಸಿಡ್ ಬ್ಯಾಟರಿಗಳು ಒಟ್ಟು 25 ಕಿಲೋ ಮೀರುತ್ತವೆ. ಲಿಥಿಯಂ 10 ಕಿಲೋದ ಆಸುಪಾಸು. ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಬ್ಯಾಟರಿ ಎರಡು ಸಾವಿರಕ್ಕೂ ಹೆಚ್ಚು ಸಲ ಚಾರ್ಜಾಗಬಲ್ಲುದು, ಲೆಡ್ ಆ್ಯಸಿಡ್ ಕೆಲವು ನೂರು ಸಲ ಮಾತ್ರ. ವರ್ಷಕ್ಕೆ ಹದಿನೈದಿಪ್ಪತ್ತು ದಿನವಷ್ಟೇ ಗಾಡಿ ಬಳಸುವ ಸಣ್ಣ ತೋಟದವರಿಗೆ ಈ ಲಾಭ ಪೂರ್ಣವಾಗಿ ಸಿಗಲಾರದು. ಆದರೂ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ಮನೆಗೆ ಒಯ್ಯಬೇಕಾದವರಿಗೆ ಹಗುರವಾದುದೇ ಹಿತ.

ಮಳೆಗಾಲದಲ್ಲಿ ಗಾಡಿ ಸುಮ್ಮನೆ ನಿಂತಿರುವಾಗ ಬ್ಯಾಟರಿ ಹಾಳಾಗುವುದು ಹೆಚ್ಚು. ಲೆಡ್ ಆ್ಯಸಿಡ್ ಆದರೆ ತಿಂಗಳಿಗೊಮ್ಮೆ ಪೂರ್ತಿ ಚಾರ್ಜು ಮಾಡಬೇಕು. ಲಿಥಿಯಂ ಆದರೆ ಅರ್ಧ ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿ ಇರಿಸಬೇಕು. ಕೊಟ್ಟಿಗೆಯ ಇಲಿಗಳು ತಂತಿ ಕಡಿಯದಂತೆಯೂ ನೋಡಿಕೊಳ್ಳಬೇಕು.

ಸಹಾಯಧನ ಮತ್ತು ಭಾಷೆ

ಕೇಂದ್ರ ಸರಕಾರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ರೈತರಿಗೆ ಶೇಕಡಾ 40, ಸಣ್ಣ ಮತ್ತು ಅತಿ ಸಣ್ಣ ಹಿಡುವಳಿದಾರರು, ಮಹಿಳೆಯರು, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಶೇಕಡಾ 50ರ ವರೆಗೆ ಸಹಾಯಧನವಿದೆ. ಯಂತ್ರ ಮತ್ತು ಮಾರಾಟಗಾರರಿಬ್ಬರೂ ಯೋಜನೆಯ ಪಟ್ಟಿಯಲ್ಲಿ ಇರಬೇಕು. ಮೊದಲು ಗಾಡಿ ಕೊಂಡು ಬಳಿಕ ಅರ್ಜಿ ಹಾಕಿದರೆ ಪ್ರಯೋಜನವಾಗದು. ಮಂಜೂರಾತಿ ದೊರೆತ ಮೇಲೆಯೇ ಖರೀದಿಸಬೇಕು. ಜಮೀನಿನ ಹಕ್ಕು ಮನೆಯಾಕೆಯ ಹೆಸರಿನಲ್ಲಿದ್ದರೆ ಅರ್ಜಿಯನ್ನು ಅವರ ಹೆಸರಿನಲ್ಲಿ ಸಲ್ಲಿಸುವುದು ಲಾಭಕರ. ಕೃಷಿಭವನದಲ್ಲಿ ಕನ್ನಡದಲ್ಲಿ ಬರೆದು ವಿವರ ಕೇಳುವುದು ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗಿರುವ ಹಕ್ಕು. ಅದನ್ನು ಸಂಕೋಚವಿಲ್ಲದೆ ಬಳಸಬೇಕು.

ಗಾಡಿಯ ಕೈಪಿಡಿಯಾದರೋ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಖಾತರಿಯ ಅವಧಿ, ಬ್ಯಾಟರಿಗೆ ಪ್ರತ್ಯೇಕ ಖಾತರಿ ಇದೆಯೇ, ಏರಿನಲ್ಲಿ ಹೊರಬಲ್ಲ ಭಾರವೆಷ್ಟು ಎಂಬ ಮೂರು ವಿಷಯಗಳನ್ನು ಮನೆಯ ಮಕ್ಕಳಿಂದ ಓದಿಸಿ, ಕನ್ನಡದಲ್ಲಿ ಬರೆಸಿ ಗಾಡಿಯ ಬಿಲ್ಲಿನೊಂದಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೊಳ್ಳುವ ಮುನ್ನ

ಎಲ್ಲ ತೋಟಗಳಿಗೂ ಗಾಡಿ ಬೇಕೆಂದಿಲ್ಲ. ಅರ್ಧ ಎಕರೆಯ ಸಮತಟ್ಟು ತೋಟಕ್ಕೆ ಒಳ್ಳೆಯ ಟಯರಿನ ಕೈಗಾಡಿಯೇ ಸಾಕಾದೀತು. ಬಹಳ ಕಡಿದಾದ, ಉದ್ದನೆಯ ಏರಿಗೆ ಪೆಟ್ರೋಲ್ ಎಂಜಿನಿನ ಗಾಡಿ ಇಂದಿಗೂ ಹೆಚ್ಚು ಸಮರ್ಥ. ಸದ್ದು, ಹೊಗೆ, ಇಂಧನದ ಖರ್ಚು ಅದರ ಕೊರತೆಗಳು. ನೆರೆಹೊರೆಯ ಮೂರು ನಾಲ್ಕು ಮನೆಯವರು ಸೇರಿ ಒಂದು ಗಾಡಿ ಕೊಂಡರೆ ವರ್ಷವಿಡೀ ಅದಕ್ಕೆ ಕೆಲಸವಿರುತ್ತದೆ. ದಾರಿಯನ್ನು ಮೂರು ಅಡಿ ಅಗಲ ಮಾಡಿ, ಕಣಿಗೆ ಗಟ್ಟಿಯಾದ ಸಂಕ ಹಾಕಿ, ಏರನ್ನು ಬಳಸುದಾರಿಯಾಗಿ ತಗ್ಗಿಸಿದರೆ ಕಡಿಮೆ ಬೆಲೆಯ ಗಾಡಿಯೂ ಸುಲಭವಾಗಿ ಓಡುತ್ತದೆ.

ಮಾರುವವರು ಗಾಡಿಯನ್ನು ತೋಟಕ್ಕೆ ತಂದು ತೋರಿಸಲು ಒಪ್ಪುತ್ತಾರೆಯೇ ಎಂದು ಕೇಳುವುದೇ ಮೊದಲ ಪರೀಕ್ಷೆ. ಒಪ್ಪಿದರೆ, ತೋಟದ ಅತ್ಯಂತ ಕಡಿದಾದ ದಾರಿಯಲ್ಲಿ ಪೂರ್ತಿ ಹೇರಿ ಏರಿಸಬೇಕು, ಅರ್ಧದಲ್ಲಿ ನಿಲ್ಲಿಸಿ ಹಿಡಿ ಬಿಡಬೇಕು, ಮತ್ತೆ ಹೊರಡಿಸಬೇಕು, ಬಳಿಕ ಅದೇ ಹೇರಿನೊಂದಿಗೆ ಇಳಿಸಬೇಕು. ನಾಳೆ ದಿನವೂ ಗಾಡಿ ಹಿಡಿಯುವವರು ಮನೆಯ ಅಜ್ಜನೋ ಅಮ್ಮನೋ ಆಗಿದ್ದರೆ ಆ ದಿನ ಅದನ್ನು ಓಡಿಸಬೇಕಾದವರೂ ಅವರೇ.