ಮುಂದಿನ ಸೀಟಿಗೆ ಬಂದ ಮಾಲೀಕ

ಸಾಗರದ ನಮ್ಮ ಅತ್ತೆಯ ಮನೆಯಲ್ಲಿ ದೇವರ ಕೋಣೆಯ ಬಾಗಿಲ ಪಕ್ಕ ಒಂದು ಮೊಳೆ ಇದೆ. ಕ್ಯಾಲೆಂಡರ್ ತೂಗುಹಾಕಲು ಹೊಡೆದದ್ದು. 1996ರಿಂದ ಅದರಲ್ಲಿ ತೂಗುತ್ತಿರುವುದು ಮಾರುತಿ 800ರ ಕೀ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅತ್ತೆ ನಲವತ್ತೊಂದನೇ ವಯಸ್ಸಿನಲ್ಲಿ ಕಾರು ಕಲಿತರು. ಶಿವಮೊಗ್ಗದ ಡಾಕ್ಟರೊಬ್ಬರು ಓಡಿಸಿದ್ದ 1991ರ ಬಿಳಿ ಗಾಡಿಯನ್ನು ಪಿ.ಎಫ್. ಸಾಲ ತೆಗೆದು ಕೊಂಡರು. ಮನೆಯ ಗಂಡಸರಿಗೆ ಆಗಿನ್ನೂ ಸ್ಕೂಟರೇ ಗತಿ. ಕೀ ಎಲ್ಲಿಟ್ಟಿದ್ದೀ ಎಂದು ಮಾವ ಕೇಳಿದ ದಿನ ಅತ್ತೆ ಆ ಮೊಳೆ ತೋರಿಸಿ, "ಇಲ್ಲೇ ಇರುತ್ತೆ. ಎಲ್ಲಿಗೆ ಹೋಗಬೇಕು ಹೇಳಿ, ನಾನೇ ಬಿಡ್ತೀನಿ" ಅಂದರಂತೆ.

ಮಾರುತಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರ ಬೆಲೆಯಿಂದ ಶುರುಮಾಡುತ್ತಾರೆ. ಬೆಲೆ ಕಡಿಮೆಯಿತ್ತು ಎಂಬುದು ನಿಜವೇ. ಆದರೆ ಆ ಪುಟ್ಟ ಕಾರು ನಮ್ಮ ಮನೆಗಳಲ್ಲಿ ಮಾಡಿದ ದೊಡ್ಡ ಬದಲಾವಣೆ ಬೇರೆಯದು. ಅದು ಮಾಲೀಕನನ್ನು ಹಿಂದಿನ ಸೀಟಿನಿಂದ ಎಬ್ಬಿಸಿ ಸ್ಟೀರಿಂಗ್ ಮುಂದೆ ಕೂರಿಸಿತು.

ಅದಕ್ಕೂ ಮೊದಲಿನ ಸ್ಥಿತಿ ನೆನೆಸಿಕೊಳ್ಳಿ. ರಸ್ತೆಯಲ್ಲಿ ಕಾಣುತ್ತಿದ್ದದ್ದು ಮುಖ್ಯವಾಗಿ ಎರಡೇ ಕಾರು. ಕೋಲ್ಕತ್ತ ಬಳಿಯ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್, ಮುಂಬೈಯ ಕುರ್ಲಾದಿಂದ ಬರುತ್ತಿದ್ದ ಪ್ರೀಮಿಯರ್ ಪದ್ಮಿನಿ. ಒಂದು ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್‌ನ ಅಚ್ಚು, ಇನ್ನೊಂದು ಇಟಲಿಯ ಫಿಯೆಟ್ 1100ರ ಅಚ್ಚು. ಎರಡೂ ಗಟ್ಟಿಗಾಡಿಗಳು. ಅವುಗಳನ್ನು ಪ್ರೀತಿಸುವವರ ಪ್ರೀತಿಯಲ್ಲೂ ಸುಳ್ಳಿಲ್ಲ. ಆದರೆ ಅವುಗಳನ್ನು ಸಾಕುವುದೆಂದರೆ ಆನೆ ಸಾಕಿದಂತೆ, ಜೊತೆಗೆ ಮಾವುತನೂ ಬೇಕು. ಡ್ರೈವರ್ ಎಂದರೆ ಅರ್ಧ ಮೆಕ್ಯಾನಿಕ್ ಆಗಿರಲೇಬೇಕಿತ್ತು. ಬೆಳಿಗ್ಗೆ ಬಾನೆಟ್ ಎತ್ತುವುದು, ರೇಡಿಯೇಟರಿಗೆ ನೀರು ತುಂಬುವುದು, ಪ್ಲಗ್ ಉಜ್ಜುವುದು, ಒಂದೊಂದು ದಿನ ಓಣಿಯ ಹುಡುಗರನ್ನೆಲ್ಲ ಕರೆದು ತಳ್ಳಿಸುವುದು. ಇಷ್ಟಾದ ಮೇಲೆ ಸಾಹೇಬರು ಬಂದು ಹಿಂದಿನ ಸೀಟಿನ ಎಡಗಡೆ ಕೂರುತ್ತಿದ್ದರು. ಕಾರು ಎಂದರೆ ಸಾಹುಕಾರರ ಮನೆಯದು, ಸರ್ಕಾರದ್ದು, ಇಲ್ಲವೇ ಟ್ಯಾಕ್ಸಿ. ಮೇಷ್ಟ್ರು, ಬ್ಯಾಂಕಿನ ಕ್ಯಾಷಿಯರ್, ಆಸ್ಪತ್ರೆಯ ನರ್ಸ್ ಆ ಪಟ್ಟಿಯಲ್ಲಿ ಇರಲಿಲ್ಲ.

ಸಣ್ಣ ಕಾರಿನ ಕನಸು ಮಾತ್ರ ಹಳೆಯದು. ಬೆಂಗಳೂರೂ ಅದನ್ನು ಕಂಡಿತ್ತು. ಇಲ್ಲಿನ ಸಿಪಾನಿಯವರು ಎಪ್ಪತ್ತರ ದಶಕದಲ್ಲೇ ಬಾದಲ್ ಎಂಬ ಮೂರು ಚಕ್ರದ ಕಾರು ತಂದರು. ಆಮೇಲೆ 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ಫೈಬರ್ ಮೈಯ, ಎರಡು ಬಾಗಿಲಿನ ಡಾಲ್ಫಿನ್ ತಂದರು. ಕರ್ನಾಟಕದ ನೆಲದಲ್ಲೇ ತಯಾರಾದ ಆ ಕಾರಿನ ಬಗ್ಗೆ ನಾವು ಇಷ್ಟು ಕಡಿಮೆ ಮಾತಾಡುತ್ತೇವಲ್ಲ ಎಂಬ ಬೇಸರ ನನಗಿದೆ. ಡಾಲ್ಫಿನ್ ರಸ್ತೆಗೆ ಬಂದ ಮರುವರ್ಷವೇ ಮಾರುತಿ ಬಂತು. ಕೇಂದ್ರ ಸರ್ಕಾರದ ಬೆಂಬಲ, ಜಪಾನಿನ ತಂತ್ರಜ್ಞಾನ, ದೊಡ್ಡ ಕಾರ್ಖಾನೆ, ಈ ಮೂರೂ ಒಂದೇ ಕಡೆ ಸೇರಿದ ಮೇಲೆ ಬೆಂಗಳೂರಿನ ಸಣ್ಣ ಕಂಪನಿ ಎದುರು ನಿಲ್ಲುವುದು ಕಷ್ಟವಿತ್ತು.

ಮಾರುತಿಯ ಹುಟ್ಟೂ ಸಲೀಸಾಗಿ ಆಗಲಿಲ್ಲ. 1971ರಲ್ಲಿ ಸಂಜಯ್ ಗಾಂಧಿ ಗುರ್‌ಗಾಂವ್‌ನಲ್ಲಿ ಶುರುಮಾಡಿದ ಮಾರುತಿ ಲಿಮಿಟೆಡ್ ಜನರಿಗೆ ಕಾರು ಕೊಡಲಾಗದೆ, ವಿವಾದಗಳನ್ನಷ್ಟೇ ಗಳಿಸಿ ಮುಚ್ಚಿಹೋಯಿತು. ಅವರು ತೀರಿಕೊಂಡ ಮೇಲೆ ಸರ್ಕಾರ ಆ ಜಾಗವನ್ನು ವಹಿಸಿಕೊಂಡಿತು. 1981ರ ಫೆಬ್ರುವರಿಯಲ್ಲಿ ಮಾರುತಿ ಉದ್ಯೋಗ್ ಲಿಮಿಟೆಡ್ ಸ್ಥಾಪನೆಯಾಯಿತು. ಬಿಎಚ್‌ಇಎಲ್ ಅನ್ನು ಎತ್ತರಕ್ಕೆ ಬೆಳೆಸಿದ್ದ ವಿ. ಕೃಷ್ಣಮೂರ್ತಿಯವರನ್ನು ಕರೆತಂದು ಹೊಣೆ ಕೊಟ್ಟರು. ಐಎಎಸ್ ಅಧಿಕಾರಿ ಆರ್.ಸಿ. ಭಾರ್ಗವ ಜೊತೆಗೂಡಿದರು. ಇಬ್ಬರೂ ಸರ್ಕಾರಿ ವ್ಯವಸ್ಥೆಯೊಳಗೆ ಬೆಳೆದವರು. ಸರ್ಕಾರಿ ಕಂಪನಿ ಎಂದರೆ ಹೀಗೇ ಎಂದು ಕೈಚೆಲ್ಲಿ ಕೂರದೆ ಅವರು ಯುರೋಪಿನ, ಜಪಾನಿನ ಕಂಪನಿಗಳ ಬಾಗಿಲು ತಟ್ಟಿದರು. ಕೊನೆಗೆ ಒಪ್ಪಿ ಬಂದದ್ದು ಜಪಾನಿನಲ್ಲೇ ಸಣ್ಣ ಕಂಪನಿ ಎನಿಸಿಕೊಂಡಿದ್ದ ಸುಜುಕಿ. 1982ರ ಅಕ್ಟೋಬರ್ 2ರಂದು ಒಪ್ಪಂದಕ್ಕೆ ಸಹಿ ಬಿತ್ತು. ಸುಜುಕಿಯ ಪಾಲು ಶೇಕಡ 26.

ಸುಜುಕಿಯ ಆಗಿನ ಮುಖ್ಯಸ್ಥ ಒಸಾಮು ಸುಜುಕಿ ಯಂತ್ರಗಳ ಜೊತೆ ಒಂದು ಕೆಲಸದ ರೀತಿಯನ್ನೂ ಕಳಿಸಿಕೊಟ್ಟರು. ಗುರ್‌ಗಾಂವ್ ಕಾರ್ಖಾನೆಯಲ್ಲಿ ಅಧಿಕಾರಿಯಿಂದ ಕಾರ್ಮಿಕನವರೆಗೆ ಎಲ್ಲರಿಗೂ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು, ಊಟಕ್ಕೆ ಒಂದೇ ಸಾಲು. ಅಧಿಕಾರಿಯ ಚೇಂಬರಿನ ಹೊರಗೆ ಜವಾನ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ ದೇಶದಲ್ಲಿ ಇದು ಎಷ್ಟು ದೊಡ್ಡ ಮಾತು ಎಂಬುದು ಆಗ ನೌಕರಿಯಲ್ಲಿದ್ದವರಿಗೆ ಗೊತ್ತು. ಮಾಲೀಕನೇ ಓಡಿಸುವ ಕಾರು ಇಂಥ ಕಾರ್ಖಾನೆಯಿಂದ ಬಂದದ್ದು ಸಹಜವೇ ಎಂದು ನನಗೆ ಅನ್ನಿಸುತ್ತದೆ. ಎಲ್ಲ ಕಾಲಕ್ಕೂ ಅಲ್ಲಿ ಸಾಮರಸ್ಯವೇ ಇತ್ತು ಎಂದೇನೂ ಅಲ್ಲ. 2012ರಲ್ಲಿ ಮಾನೇಸರ್ ಘಟಕದಲ್ಲಿ ನಡೆದ ಹಿಂಸಾಚಾರ, ಅಲ್ಲಿ ಹೋದ ಒಂದು ಜೀವ, ಜೈಲು ಸೇರಿದ ಕಾರ್ಮಿಕರು, ಇವೂ ಈ ಕಂಪನಿಯ ಚರಿತ್ರೆಯ ಪುಟಗಳೇ.

1983ರಲ್ಲಿ ಬುಕಿಂಗ್ ತೆರೆದಾಗ 10,000 ರೂಪಾಯಿ ಠೇವಣಿ ಕಟ್ಟಬೇಕಿತ್ತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೂ ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿದರು, ಅದೂ ಇನ್ನೂ ರಸ್ತೆಯಲ್ಲಿ ಒಂದೂ ಓಡದಿದ್ದ ಕಾರಿಗೆ. ಆ ವರ್ಷದ ಡಿಸೆಂಬರ್ 14ರಂದು, ಸಂಜಯ್ ಗಾಂಧಿಯವರ ಹುಟ್ಟುಹಬ್ಬದ ದಿನ, ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಯನ್ನು ಇಂಡಿಯನ್ ಏರ್‌ಲೈನ್ಸ್‌ನ ನೌಕರರೊಬ್ಬರ ಕೈಗೆ ಕೊಟ್ಟರು. ಬೆಲೆ 47,500 ರೂಪಾಯಿ. ಆ ಕೀ ಹೋದದ್ದು ಸಂಬಳದ ಮನುಷ್ಯನ ಕೈಗೆ. ಅವರು ಆ ಕಾರನ್ನು ಬದುಕಿರುವವರೆಗೂ ಇಟ್ಟುಕೊಂಡರು.

ಕಾರನ್ನು ನೋಡಿದವರು ಮೊದಲು ಇದು ಬೆಂಕಿಪೊಟ್ಟಣ ಅಂದರು. ಲಾರಿ ಪಕ್ಕದಲ್ಲಿ ಹಾದರೆ ಗಾಳಿಗೇ ಅಲ್ಲಾಡುತ್ತೆ ಅಂದರು. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, 37 ಅಶ್ವಶಕ್ತಿ, ಅಂಗೈಯಗಲದ ಹನ್ನೆರಡಿಂಚಿನ ಚಕ್ರ. ಕೇಳಿದರೆ ನಗು ಬರುವಂಥ ಲೆಕ್ಕವೇ. ಆದರೆ ಅಂಬಾಸಿಡರ್ ಒಂದು ಟನ್ನು ದಾಟುವಾಗ ಇದರ ತೂಕ ಸುಮಾರು 650 ಕಿಲೋ ಮಾತ್ರ. ಹಗುರ ಮೈಯನ್ನು ಎಳೆಯಲು ಆ 37 ಕುದುರೆಗಳು ಧಾರಾಳವಾಗಿ ಸಾಕು. ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ಹಿಂದಕ್ಕೆ ಉದ್ದನೆಯ ಶಾಫ್ಟ್ ಹೋಗಬೇಕಿಲ್ಲ, ಹಾಗಾಗಿ ಪುಟ್ಟ ಕಾರಿನ ಒಳಗೂ ಕಾಲಿಡಲು ಜಾಗ. ಕ್ಲಚ್ಚು ಬೆಣ್ಣೆ, ಗೇರು ಸಲೀಸು, ತಿರುಗಿಸಲು ತೋಳ್ಬಲ ಬೇಡ. ಈ ಹಗುರತನವೇ ಅದರ ಎಲ್ಲ ಗುಣಗಳ ಬೇರು. ಅದರ ದೊಡ್ಡ ಕೊರತೆಯೂ ಅಲ್ಲಿಂದಲೇ ಬಂತು, ಅದನ್ನು ಮುಂದೆ ಹೇಳುತ್ತೇನೆ.

ಮಲೆನಾಡಿನ ಡಿಸೆಂಬರ್ ಬೆಳಗು ಹೇಗಿರುತ್ತದೆ ಎಂದರೆ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದಂತೆ ಕೂತಿರುತ್ತದೆ. ಅತ್ತೆ ಹಳೆಯ ಪಂಚೆಯ ತುಂಡಿನಲ್ಲಿ ಗಾಜು ಒರೆಸಿ, ಸೆರಗು ಸಿಕ್ಕಿಸಿಕೊಂಡು ಒಳಗೆ ಕೂರುತ್ತಿದ್ದರು. ಚೋಕ್‌ನ ಪುಟ್ಟ ಹಿಡಿಯನ್ನು ಪೂರ್ತಿ ಎಳೆದು ಕೀ ತಿರುಗಿಸುವರು. ಒಂದು ಸಲ ಗೊರ್ ಅನ್ನುವುದು, ಎರಡನೇ ಸಲಕ್ಕೆ ಎಂಜಿನ್ ಎದ್ದು ಜೋರಾಗಿ ಹಾಡುವುದು. ಆಮೇಲೆ ಚೋಕ್ ಅನ್ನು ಒಂದೇ ಸಲ ಒಳಕ್ಕೆ ತಳ್ಳುತ್ತಿರಲಿಲ್ಲ. ಸದ್ದು ಕೇಳುತ್ತ ಕೇಳುತ್ತ, ಹಾಲಿನ ಉರಿ ಸಣ್ಣ ಮಾಡುವ ಹಾಗೆ ಬೆರಳಷ್ಟು ಬೆರಳಷ್ಟೇ ತಳ್ಳುವರು. ಮೂರು ಸಿಲಿಂಡರಿನ ಆ ಗುಡುಗುಡು ಸದ್ದು ಸಮವಾಯಿತೋ, ನಾವು ಮಕ್ಕಳೆಲ್ಲ ಹಿಂದೆ ಹತ್ತುತ್ತಿದ್ದೆವು. ನಾಲ್ಕು ಜನರ ಕಾರಿನಲ್ಲಿ ಏಳು ಜನ. ಜೊತೆಗೆ ಸ್ಟೀಲಿನ ಡಬ್ಬಿಗಳು, ಒಂದು ಬಾಳೆಗೊನೆ. ಜೋಗದ ದಾರಿಯ ಏರಿನಲ್ಲಿ ಅತ್ತೆ ಎರಡನೇ ಗೇರಿಗೆ ಇಳಿಸಿ, "ಯಾರೂ ಮಾತಾಡಬೇಡಿ ಈಗ" ಅನ್ನುವರು. ಎಂಜಿನ್ನಿನ ದನಿ ಕೇಳಬೇಕು ಅವರಿಗೆ. ಎಸಿ ಇದ್ದ ಮಾದರಿ ಕೊಂಡವರಿಗೂ ಘಾಟಿಯಲ್ಲಿ ಎಸಿ ಆರಿಸುವ ಅಭ್ಯಾಸವಿತ್ತು.

ಅತ್ತೆಯಂಥವರು ಒಬ್ಬಿಬ್ಬರಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕುಗಳಲ್ಲಿ ಡ್ರೈವಿಂಗ್ ಸ್ಕೂಲ್ ಎಂದರೆ ಮಾರುತಿ 800ರ ತಲೆಯ ಮೇಲೆ ಒಂದು ಬೋರ್ಡು, ಬದಿಯಲ್ಲಿ ಕೂತ ಮೇಷ್ಟ್ರ ಕಾಲಿಗೆ ಇನ್ನೊಂದು ಜೋಡಿ ಬ್ರೇಕು-ಕ್ಲಚ್ಚು. ಹಾಫ್ ಕ್ಲಚ್ ಎಂಬ ಪದವನ್ನು ಒಂದು ಇಡೀ ಪೀಳಿಗೆ ಕಲಿತದ್ದು ಈ ಕಾರಿನಲ್ಲಿ. ಬೆಳಿಗ್ಗೆ ಆರು ಗಂಟೆಗೆ, ಜನ ಎದ್ದು ನೋಡುವ ಮೊದಲೇ, ಸ್ವೆಟರ್ ಹಾಕಿಕೊಂಡು ಕಲಿಯಲು ಬರುತ್ತಿದ್ದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಡಾಕ್ಟರಮ್ಮ, ಲೆಕ್ಚರರು, ಎಲ್‌ಐಸಿಯ ಮೇಡಂ. ಅವರೆಲ್ಲ ಮುಂದೆ ಯಾರನ್ನೂ ಕಾಯದೆ ಹೊರಟರು. ರಾತ್ರಿ ಹೆರಿಗೆಗೆಂದು ಕರೆ ಬಂದರೆ ಹೊರಟರು, ವಯಸ್ಸಾದ ತಾಯಿಯನ್ನು ನೋಡಲು ತವರಿಗೆ ಹೊರಟರು. ಈ ಲೆಕ್ಕವನ್ನು ಯಾವ ಕಂಪನಿಯ ವಾರ್ಷಿಕ ವರದಿಯೂ ಬರೆದಿಡುವುದಿಲ್ಲ. ನನಗಂತೂ 800ರ ಅತಿ ದೊಡ್ಡ ಕೊಡುಗೆ ಇದೇ.

ಮೆಕ್ಯಾನಿಕ್‌ಗಳ ಕಥೆಯೂ ಸ್ವಲ್ಪ ಹೇಳಬೇಕು. ಅಂಬಾಸಿಡರ್‌ಗೆ ಇಂಚಿನ ಅಳತೆಯ ಪಾನಾಗಳು ಬೇಕು. ಈ ಜಪಾನೀ ಗಾಡಿಗೆ ಮಿಲಿಮೀಟರಿನ ಪಾನಾ. ಹತ್ತು, ಹನ್ನೆರಡು, ಹದಿನಾಲ್ಕು, ಈ ಮೂರು ನಂಬರ್ ಕೈಯಲ್ಲಿದ್ದರೆ ಅರ್ಧ ಕಾರು ಬಿಚ್ಚಬಹುದು ಎಂದು ಅತ್ತೆಯ ಕಾರು ನೋಡಿಕೊಳ್ಳುವ ಮೇಸ್ತ್ರಿ ಹೇಳುತ್ತಾರೆ. ಬಾನೆಟ್ ಎತ್ತಿದರೆ ಡಿಸ್ಟ್ರಿಬ್ಯೂಟರ್, ಕಾರ್ಬುರೇಟರ್, ಟೈಮಿಂಗ್ ಬೆಲ್ಟಿನ ಕವರ್ ಎಲ್ಲ ಕಣ್ಣೆದುರೇ. ಕೈ ಹೋಗದ ಜಾಗವೇ ಇಲ್ಲ. ಊರೂರಿನ ಗ್ಯಾರೇಜುಗಳ ಮುಂದೆ "ಮಾರುತಿ ಸ್ಪೆಷಲಿಸ್ಟ್" ಎಂಬ ಬೋರ್ಡು ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಈ ಕಾರಿನ ಬಿಡಿಭಾಗ ಕೇಳಿ ಬರಿಗೈಯಲ್ಲಿ ಬಂದವರು ಕಡಿಮೆ. ಭಾಗಗಳು ಸಿಗುತ್ತಿದ್ದುದರಿಂದಲೇ ಕಾರು ಕೈಯಿಂದ ಕೈಗೆ ಹೋಗುತ್ತ ಬಹುಕಾಲ ಬಾಳಿತು. ಡಾಕ್ಟರರಿಂದ ಮೇಷ್ಟ್ರಿಗೆ, ಮೇಷ್ಟ್ರಿಂದ ಡ್ರೈವಿಂಗ್ ಸ್ಕೂಲಿಗೆ, ಅಲ್ಲಿಂದ ಹಿಂದಿನ ಸೀಟು ಕಿತ್ತು ಡೈರಿಗೆ ಹಾಲಿನ ಕ್ಯಾನು ಸಾಗಿಸುವ ರೈತನಿಗೆ. ಪ್ರತಿ ಕೈಯಲ್ಲೂ ಅದು ಯಾರಿಗೋ ಮೊದಲ ಕಾರು.

1984ರಲ್ಲಿ ಬಂದ ಮಾರುತಿ ವ್ಯಾನ್, ನಾವು ಓಮ್ನಿ ಎಂದು ಕರೆಯುವುದು, ಇದೇ ಎಂಜಿನ್ನಿನ ಒಡಹುಟ್ಟು. ಕರಾವಳಿಯವರಿಗೆ ಅದರ ಬಗ್ಗೆ ಪ್ರತ್ಯೇಕ ಪರಿಚಯ ಬೇಡ. ಉಡುಪಿ, ದಕ್ಷಿಣ ಕನ್ನಡದ ಪೇಟೆಗಳ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಬಿಳಿ ಓಮ್ನಿಗಳೇ ಎಷ್ಟೋ ಹಳ್ಳಿಗಳ ಆಂಬುಲೆನ್ಸ್, ಶಾಲಾವಾಹನ, ಮದುವೆ ದಿಬ್ಬಣ. 2019ರಲ್ಲಿ ಅದರ ತಯಾರಿಕೆ ನಿಂತಿತು.

1986ರಲ್ಲಿ 800ರ ರೂಪ ಬದಲಾಯಿತು. ಅಲ್ಲಿಂದ ಮುಂದೆ ಸಣ್ಣಪುಟ್ಟ ತಿದ್ದುಪಡಿ ಬಿಟ್ಟರೆ ಕೊನೆಯವರೆಗೂ ಅದೇ ಮುಖ. 1987ರಲ್ಲಿ 500 ಕಾರುಗಳು ಹಂಗೇರಿಗೆ ಹಡಗೇರಿದವು. ಕಾರು ಕೊಳ್ಳಲು ವರ್ಷಗಟ್ಟಲೆ ಕಾದಿದ್ದ ದೇಶ ಯುರೋಪಿಗೆ ಕಾರು ಕಳಿಸಿತು. 2000ದಲ್ಲಿ ಬಂದ ತಮ್ಮ ಆಲ್ಟೊ ಕೆಲವೇ ವರ್ಷಗಳಲ್ಲಿ ಅಣ್ಣನನ್ನು ಹಿಂದೆ ಹಾಕಿತು. ಹೊಗೆಯ ಹೊಸ ನಿಯಮಗಳಿಂದಾಗಿ 2010ರಲ್ಲಿ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ 800ರ ಮಾರಾಟ ನಿಂತಿತು. 2014ರ ಜನವರಿ 18ರಂದು ತಯಾರಿಕೆಯೇ ನಿಂತಿತು. ಅಷ್ಟರಲ್ಲಿ ಭಾರತದಲ್ಲೇ 26 ಲಕ್ಷಕ್ಕೂ ಹೆಚ್ಚು 800ಗಳು ಮಾರಾಟವಾಗಿದ್ದವು. ಕಂಪನಿಯಿಂದ ಸರ್ಕಾರ 2007ರಲ್ಲಿ ಪೂರ್ತಿ ಹೊರಬಂತು. ಹೆಸರು ಮಾರುತಿ ಸುಜುಕಿ ಆಯಿತು.

ಈಗ ಕೊರತೆಯ ಮಾತು. 800 ನಿಂತ ಅದೇ ತಿಂಗಳ ಕೊನೆಗೆ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿದ ಫಲಿತಾಂಶ ಹೊರಬಂತು. ಆಲ್ಟೊ 800 ಸೇರಿದಂತೆ ಪರೀಕ್ಷೆಗೆ ಒಳಗಾದ ಐದೂ ಕಾರುಗಳಿಗೆ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ನಕ್ಷತ್ರ. ಮೂಲ ಮಾರುತಿ 800ರಲ್ಲಂತೂ ಏರ್‌ಬ್ಯಾಗ್ ಎಂಬುದೇ ಇರಲಿಲ್ಲ. ನಾವು ಏಳು ಜನ ಅದರಲ್ಲಿ ತುಂಬಿಕೊಂಡು ಜೋಗಕ್ಕೆ ಹೋದದ್ದನ್ನು ನೆನೆದರೆ ಈಗ ಎದೆ ಝಲ್ಲೆನ್ನುತ್ತದೆ. ಆ ಕಾಲದ ರಸ್ತೆಯಲ್ಲಿ ವೇಗ ಕಡಿಮೆಯಿತ್ತು, ಸ್ಕೂಟರಿನ ಮೇಲೆ ನಾಲ್ವರು ಮಳೆಯಲ್ಲಿ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ ಎನ್ನುವುದು ನಿಜ. ಆದರೂ ಕಡಿಮೆ ಬೆಲೆಯ ಕಾರಿನಲ್ಲಿ ಕೂತವರ ಜೀವಕ್ಕೆ ಕಡಿಮೆ ರಕ್ಷಣೆ ಸಾಕೆಂದು ನಾವು ಇಷ್ಟು ವರ್ಷ ಒಪ್ಪಿಕೊಂಡದ್ದು ತಪ್ಪು. ಕಾರನ್ನು ಪ್ರೀತಿಸುವವರೇ ಇದನ್ನು ಗಟ್ಟಿಯಾಗಿ ಹೇಳಬೇಕು.

ಹೋದ ವರ್ಷ ಆಯುಧಪೂಜೆಗೆ ಸಾಗರಕ್ಕೆ ಹೋಗಿದ್ದೆ. ಅತ್ತೆಗೆ ಎಪ್ಪತ್ತು ತುಂಬಿದೆ. ಕಾರನ್ನು ಈಗ ಹೆದ್ದಾರಿಗೆ ಒಯ್ಯುವುದಿಲ್ಲ. ಪೇಟೆಯ ತರಕಾರಿ, ಗಣಪತಿ ದೇವಸ್ಥಾನ, ಅಷ್ಟೇ. ಬಾನೆಟ್ಟಿಗೆ ಕುಂಕುಮ, ಚೆಂಡುಹೂವಿನ ಹಾರ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾದ ಮೇಲೆ ಯಾರು ಮುಂದಕ್ಕೆ ತೆಗೆಯುವುದು ಎಂಬ ಮಾತು ಬಂತು. ಮೊಮ್ಮಗಳು ಹಿಂದಿನ ತಿಂಗಳಷ್ಟೇ ಎಲ್‌ಎಲ್ ಮಾಡಿಸಿದ್ದಳು. ಅತ್ತೆ ಮೊಳೆಯಿಂದ ಕೀ ತಂದು ಅವಳ ಕೈಗಿಟ್ಟು, ತಾವು ಪಕ್ಕದ ಸೀಟಿನಲ್ಲಿ ಕೂತರು. ಎರಡು ಸಲ ಕಾರು ಜಗ್ಗಿ ಆರಿಹೋಯಿತು. ಹುಡುಗಿಯ ಕಣ್ಣಲ್ಲಿ ನೀರು.

"ಅಳಬೇಡ, ಚೋಕ್ ಮರೆತಿದ್ದೀ ನೋಡು" ಅಂದರು ಅತ್ತೆ. "ಪೂರ್ತಿ ಎಳಿ. ಹಾಂ. ಈಗ ತಿರುಗಿಸು."