ಉಸಿರನ್ನು ಮರಳಿಸುವ ಮದ್ದು

ಕಳೆದ ಮಳೆಗಾಲದ ಒಂದು ರಾತ್ರಿ ನೆರೆಮನೆಯ ಸೊಸೆ ಓಡಿ ಬಂದು, "ಮಾಷ್ಟ್ರೇ, ಮಾವ ಎಷ್ಟು ಕರೆದರೂ ಏಳುವುದಿಲ್ಲ, ಒಮ್ಮೆ ಬನ್ನಿ" ಎಂದಳು. ಕ್ಯಾನ್ಸರಿನ ನೋವಿಗಾಗಿ ಆ ಹಿರಿಯರಿಗೆ ಮನೆಯಲ್ಲೇ ಮಾರ್ಫಿನ್ ಮಾತ್ರೆ ನಡೆಯುತ್ತಿತ್ತು. ಹೋಗಿ ನೋಡಿದರೆ ಗೊರಕೆಯಂಥ ಸದ್ದು, ನಿಮಿಷಕ್ಕೆ ಐದಾರೇ ಉಸಿರು, ತುಟಿ ನೀಲಿ. ವಿಚಾರಿಸಿದಾಗ ತಿಳಿಯಿತು: ಮದ್ದಿನ ಚೀಟಿ ಮಲಯಾಳದಲ್ಲಿತ್ತು. ಗಡಿಯಾಚೆಯಿಂದ ಮದುವೆಯಾಗಿ ಬಂದ ಆಕೆಗೆ ಆ ಲಿಪಿ ಬಾರದು. ಅಂದಾಜಿನ ಮೇಲೆ ಒಂದು ಮಾತ್ರೆಯ ಬದಲು ಮೂರು ಕೊಟ್ಟಿದ್ದಳು.

ಆಸ್ಪತ್ರೆಯಲ್ಲಿ ವೈದ್ಯರು ಒಂದು ಮದ್ದನ್ನು ತುಸು ತುಸುವಾಗಿ ಚುಚ್ಚಿದರು. ಕೆಲವೇ ನಿಮಿಷಗಳಲ್ಲಿ ಅವರು ಕಣ್ಣು ತೆರೆದರು. ಆ ಮದ್ದಿನ ಹೆಸರು ನಾಲೋಕ್ಸೋನ್.

ಮಾರ್ಫಿನ್, ಹೆರಾಯಿನ್, ಕೊಡೀನ್, ಟ್ರಮಡಾಲ್, ಫೆಂಟನಿಲ್ ಇವೆಲ್ಲ ಅಫೀಮಿನ ಬಳಗದವು. ಇವು ಮೆದುಳಿನ ಕೆಲವು ನೆಲೆಗಳಲ್ಲಿ ಹೋಗಿ ಕುಳಿತು ನೋವನ್ನು ಶಮನ ಮಾಡುತ್ತವೆ. ಮಿತಿ ಮೀರಿದರೆ ಉಸಿರಾಡಬೇಕೆಂಬ ಮೆದುಳಿನ ಆಜ್ಞೆಯನ್ನೇ ಕುಂದಿಸುತ್ತವೆ. ನಾಲೋಕ್ಸೋನ್ ಅಲ್ಲಿಗೆ ಹೋಗಿ, ತರಗತಿಯ ಬೆಂಚಿನಿಂದ ಒಬ್ಬನನ್ನು ಎಬ್ಬಿಸಿ ಇನ್ನೊಬ್ಬ ಕುಳಿತಂತೆ, ಆ ಜಾಗವನ್ನು ಹಿಡಿದುಕೊಳ್ಳುತ್ತದೆ. ಉಸಿರು ಮರಳುತ್ತದೆ.

ಆದರೆ ಈ ಹೊಸಬ ಬಹಳ ಹೊತ್ತು ಕೂರುವವನಲ್ಲ. ಸಾಮಾನ್ಯವಾಗಿ 30ರಿಂದ 90 ನಿಮಿಷಗಳಲ್ಲಿ ಇದರ ಪ್ರಭಾವ ಇಳಿಯುತ್ತದೆ. ಹೊಟ್ಟೆಯಲ್ಲಿ ಉಳಿದ ಮಾರ್ಫಿನ್ ಮತ್ತೆ ಬಂದು ಕೂರಬಹುದು. ನಮ್ಮ ನೆರೆಯವರಿಗೂ ಗಂಟೆಯೊಳಗೆ ಮತ್ತೆ ಮಂಪರು ಬಂತು. ಎರಡನೆಯ ಸಲ ಮದ್ದು ಕೊಡಬೇಕಾಯಿತು. ಎಚ್ಚರವಾಯಿತೆಂದು ಮನೆಗೆ ಕರೆತಂದಿದ್ದರೆ ಅನಾಹುತವಾಗುತ್ತಿತ್ತು.

ಈ ಮದ್ದಿಗೆ ಅಮೆರಿಕದ ಜಾಕ್ ಫಿಶ್‌ಮನ್ ಮತ್ತು ಮೋಸೆಸ್ ಲೆವೆನ್‌ಸ್ಟೈನ್ 1961ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1971ರಲ್ಲಿ ಅಲ್ಲಿ ಮಂಜೂರಾತಿ ದೊರೆಯಿತು. ವಿಧಿಯ ಆಟವೆಂದರೆ, ಫಿಶ್‌ಮನ್‌ರ ಮಲಮಗನೇ 2003ರಲ್ಲಿ ಹೆರಾಯಿನ್ ಮಿತಿಮೀರಿ ತೀರಿಕೊಂಡ. ಮದ್ದು ಇದ್ದರೆ ಸಾಲದು, ಸಮಯಕ್ಕೆ ಕೈಗೆ ಸಿಗಬೇಕು. ಅವಘಡ ಕಾಣುವ ಸಂಭವವಿರುವ ಮನೆಮಂದಿಗೂ ಇದು ಸಿಗುವಂತಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಸಲಹೆ ಮಾಡಿತು. ಅಮೆರಿಕದಲ್ಲಿ 2023ರಿಂದ ಮೂಗಿಗೆ ಸಿಂಪಡಿಸುವ ನಾಲೋಕ್ಸೋನ್ ವೈದ್ಯರ ಚೀಟಿಯಿಲ್ಲದೆ ದೊರೆಯುತ್ತದೆ. ಅದನ್ನು ಒಂದು ಹೊಳ್ಳೆಗೆ ಪೂರ್ತಿ ಸಿಂಪಡಿಸಿ, ಎರಡು ಮೂರು ನಿಮಿಷ ಕಳೆದರೂ ಉಸಿರು ಸರಿಯಾಗದಿದ್ದರೆ ಹೊಸದೊಂದನ್ನು ಇನ್ನೊಂದು ಹೊಳ್ಳೆಗೆ ಹಾಕಬೇಕು. ನಮ್ಮಲ್ಲಿ ಇದು ಹೆಚ್ಚಾಗಿ ಆಸ್ಪತ್ರೆಯ ಚುಚ್ಚುಮದ್ದು.

ಆದುದರಿಂದ ಮನೆಯವರು ಲಕ್ಷಣಗಳನ್ನು ತಿಳಿದಿರಬೇಕು: ಕರೆದರೂ ಅಲುಗಾಡಿಸಿದರೂ ಎಚ್ಚರವಾಗದಿರುವುದು, ತೀರಾ ನಿಧಾನದ ಉಸಿರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಿನ ಪಾಪೆ. ಕೂಡಲೇ 108ಕ್ಕೆ ಕರೆ ಮಾಡಿ. ಉಸಿರು ನಿಲ್ಲುವಂತಿದ್ದರೆ ಗಲ್ಲವನ್ನೆತ್ತಿ, ಮೂಗು ಮುಚ್ಚಿ, ಸುಮಾರು ಐದು ಸೆಕೆಂಡಿಗೊಮ್ಮೆ ಬಾಯಿಂದ ಬಾಯಿಗೆ ಉಸಿರು ಕೊಡಿ. ಉಸಿರು ನಡೆಯುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ತಣ್ಣೀರು ಎರಚುವುದು, ಕಾಫಿ ಕುಡಿಸುವುದು, ವಾಂತಿ ಮಾಡಿಸುವುದು ಬೇಡ. ತಿಂದದ್ದು ಏನೆಂದು ವೈದ್ಯರಿಂದ ಮುಚ್ಚಿಡಬೇಡಿ. ಮಗ ಮಾದಕ ವಸ್ತು ಸೇವಿಸಿದ್ದಾನೆಂದು ನಾಚಿ ಸುಮ್ಮನಿದ್ದರೆ ಮಾನವೂ ಉಳಿಯದು, ಮಗನೂ ಉಳಿಯನು. ಮದ್ಯಕ್ಕಾಗಲಿ, ಬರಿಯ ನಿದ್ದೆ ಮಾತ್ರೆಗಾಗಲಿ, ಈಗ ಯುವಕರ ನಡುವೆ ಹಬ್ಬುತ್ತಿರುವ ಎಂಡಿಎಂಎಗಾಗಲಿ ನಾಲೋಕ್ಸೋನ್ ಕೆಲಸ ಮಾಡದು.

ಹೀಗೆಂದು ಮಾರ್ಫಿನಿಗೆ ಹೆದರಿ ರೋಗಿಯನ್ನು ನರಳಲು ಬಿಡುವುದೂ ತಪ್ಪು. ವೈದ್ಯರು ಹೇಳಿದ ಪ್ರಮಾಣದಲ್ಲಿ ಅದು ವರದಾನವೇ. ಮಾತ್ರೆಯನ್ನು ಮಕ್ಕಳ ಕೈಗೆಟುಕದಂತೆ ಬೀಗ ಹಾಕಿಡಿ. ಮೂತ್ರ ಕಡಿಮೆಯಾದರೆ, ಹಗಲಲ್ಲೂ ಮಂಪರು ಹೆಚ್ಚಿದರೆ ಮುಂದಿನ ಮಾತ್ರೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಮುಖ್ಯವಾಗಿ, ಮನೆಗೆ ಬರುವ ದಾದಿಯನ್ನು ಕೇಳಿ ಪ್ರಮಾಣ ಮತ್ತು ಹೊತ್ತನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ.

ನೆರೆಮನೆಯ ಗೋಡೆಯಲ್ಲಿ ಈಗ ಅಂಥ ಒಂದು ಚೀಟಿ ಇದೆ. ಬರೆದವಳು ಏಳನೆಯ ತರಗತಿಯ ಮೊಮ್ಮಗಳು. ಅಕ್ಷರ ದುಂಡಗಿದೆ, ಅಜ್ಜನಿಗೆ ಕನ್ನಡಕವಿಲ್ಲದೆಯೂ ಓದಲು ಬರುತ್ತದೆ.